ಗೋಡೆಯ ಆಚೆಗೆ ದೂರದರ್ಶನ

ಸನ್ ೨೦೨೩ನೆಯ ಇಸವಿ ಆಗಸ್ಟ್ ತಿಂಗಳ ೨೩ನೆಯ ತಾರೀಕಿನ ಸಾಯಂಕಾಲವನ್ನು ನಮ್ಮ ಬೋರ್ಡಿಂಗಿನ ಹುಡುಗಿಯರು ಬೇಗನೆ ಮರೆಯಲಾರರು. ಆ ದಿನ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-೩ರ ವಿಕ್ರಮನೆಂಬ ನೌಕೆಯು ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಮೆಲ್ಲನೆ ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಮ್ಮ ದೊಡ್ಡ ಹಾಲಿನಲ್ಲಿ ನೆಲದ ಮೇಲೆ ಸಾಲುಸಾಲಾಗಿ ಕುಳಿತು ದೂರದರ್ಶನವನ್ನು ನೋಡುತ್ತಿದ್ದವರೆಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಜ್ವರದಿಂದ ಮಲಗಿದ್ದ ಮೂವರು ಹುಡುಗಿಯರು ಆ ಹೊತ್ತಿನಲ್ಲಿ ಜಗಲಿಯ ಆಚೆ ಬದಿಯ ರೋಗಿಗಳ ಕೋಣೆಯಲ್ಲಿದ್ದರು. ಮರುದಿನ ಬೆಳಿಗ್ಗೆ ನಾವು ಅವರನ್ನು ನೋಡಲು ಹೋದಾಗ ಅವರಲ್ಲೊಬ್ಬಳು, "ಟೀಚರ್, ನಿಮ್ಮ ಚಪ್ಪಾಳೆ ನಮಗೆ ಚೆನ್ನಾಗಿ ಕೇಳಿಸಿತು. ಯಾವುದಕ್ಕೆ ತಟ್ಟಿದಿರೆಂದು ಮಾತ್ರ ಗೊತ್ತಾಗಲಿಲ್ಲ. ಇಳಿದದ್ದಕ್ಕೋ, ಇಳಿಯಲಿಕ್ಕೆ ಹೊರಟದ್ದಕ್ಕೋ?" ಎಂದು ಕೇಳಿದಳು.

ಈ ಮಾತು ನಮ್ಮ ಮನಸ್ಸಿಗೆ ನಾಟಿತು. ಒಂದೇ ಮನೆಯೊಳಗೆ ಧ್ವನಿಯು ಗೋಡೆಯನ್ನು ದಾಟಿ ಹೋಯಿತು, ಚಿತ್ರವು ದಾಟಲಿಲ್ಲ. ಅದನ್ನೂ ದಾಟಿಸುವದು ಹೇಗೆಂದು ನಾವು ಹತ್ತನೆಯ ತರಗತಿಯ ಹುಡುಗಿಯರೊಂದಿಗೆ ವಿಚಾರಿಸತೊಡಗಿದೆವು. ಆ ವಿಚಾರದಲ್ಲಿ ಕಲಿತದ್ದನ್ನೂ, ಕಲಿಯುವಾಗ ಮಾಡಿದ ತಪ್ಪುಗಳನ್ನೂ ಇಲ್ಲಿ ಬರೆದಿರುತ್ತೇವೆ. ಮುದುಕರಾದ ಅಜ್ಜಿ ಒಳಕೋಣೆಯಲ್ಲಿ ಮಲಗಿರುವ ಮನೆಗಳು ನಮ್ಮ ವಾಚಕರಲ್ಲಿ ಅನೇಕರಿಗೆ ಇರಬಹುದಾದ ಕಾರಣ ಇದು ಅವರಿಗೂ ಉಪಯೋಗವಾದೀತೆಂದು ನಂಬುತ್ತೇವೆ.

ನಮ್ಮಲ್ಲಿದ್ದ ಅನುಕೂಲತೆ ಇಷ್ಟು: ಹಾಲಿನಲ್ಲಿ ಒಂದು ದೂರದರ್ಶನ, ಮಾಡಿನ ಮೇಲಿನ ಡಿಶ್ಶಿನಿಂದ ಬರುವದನ್ನು ಅದಕ್ಕೆ ಒಪ್ಪಿಸುವ ಒಂದು ಸೆಟ್ ಟಾಪ್ ಪೆಟ್ಟಿಗೆ, ಹಳೆಯ ವಿದ್ಯಾರ್ಥಿನಿಯೊಬ್ಬರು ದಾನವಾಗಿ ಕೊಟ್ಟ ಇನ್ನೊಂದು ದೂರದರ್ಶನ. ಎರಡನೆಯ ಸೆಟ್ ಟಾಪ್ ಪೆಟ್ಟಿಗೆಯನ್ನು ತರಬಹುದಿತ್ತು. ಆದರೆ ಯಾವ ಕೋಣೆಯು ಯಾವಾಗಲೂ ಬರಿದಾಗಿರಲೆಂದು ನಾವು ಹಾರೈಸುತ್ತೇವೋ ಆ ಕೋಣೆಗೋಸ್ಕರ ತಿಂಗಳು ತಿಂಗಳು ಹಣ ತೆರುವದು ಸರಿಯೆಂದು ತೋರಲಿಲ್ಲ. ತಂತಿಯನ್ನು ಎಳೆಯೋಣವೆಂದರೆ ನಡುವೆ ಹದಿನೆಂಟು ಅಂಗುಲ ದಪ್ಪದ ಮುರಕಲ್ಲಿನ ಗೋಡೆ ಇದೆ. ಹಂಚಿನ ಕೆಳಗೆ ಎಳೆದ ತಂತಿಯನ್ನು ಇಲಿಗಳು ಉಳಿಸುವದಿಲ್ಲ. ಆದುದರಿಂದ ತಂತಿಯಿಲ್ಲದೆ ಕಳುಹಿಸುವ ಉಪಾಯವನ್ನೇ ಹುಡುಕಿದೆವು.

೧. ಅಲೆಗಳ ವಿಷಯ

ಬೆಳಕು, ರೇಡಿಯೋ, ವೈಫೈ ಇವೆಲ್ಲವೂ ಒಂದೇ ಕುಲದ ಅಲೆಗಳು. ಇಂಥ ಅಲೆಗಳು ಇರಲೇಬೇಕೆಂದು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬವರು ೧೮೬೫ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಲೆಕ್ಕದ ಮೂಲಕ ತೋರಿಸಿದರು. ಜರ್ಮನಿಯ ಹೈನ್‌ರಿಕ್ ಹರ್ಟ್ಸ್ ಎಂಬವರು ೧೮೮೭-೮೮ರಲ್ಲಿ ಅವುಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ಕಂಡುಹಿಡಿದರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಆ ನಗರದ ಟೌನ್ ಹಾಲಿನಲ್ಲಿ ಒಂದು ಪ್ರಯೋಗವನ್ನು ಮಾಡಿ ತೋರಿಸಿದರು. ಅವರು ಕಳುಹಿಸಿದ ಅಲೆಯು ನಡುವಣ ಗೋಡೆಯನ್ನು ದಾಟಿ ಹೋಗಿ ಆಚೆ ಗಂಟೆಯನ್ನು ಬಾರಿಸಿ, ಮದ್ದಿಗೆ ಬೆಂಕಿ ಹೊತ್ತಿಸಿತು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಂತಿಯಿಲ್ಲದೆ ಸುದ್ದಿ ಕಳುಹಿಸುವ ವಿದ್ಯೆಯು ಹೀಗೆ ನಮ್ಮ ನೆಲದಲ್ಲಿಯೂ ಹಳೆಯದೇ.

ಈ ಅಲೆಗಳೆಲ್ಲವೂ ಒಂದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುತ್ತವೆ. ಓಟದಲ್ಲಿ ಭೇದವಿಲ್ಲ, ಉದ್ದದಲ್ಲಿ ಭೇದವುಂಟು. ಒಂದು ಸೆಕೆಂಡಿಗೆ ೨೪೦ ಕೋಟಿ ಸಲ ಕಂಪಿಸುವ, ಅಂದರೆ ೨.೪ ಗಿಗಾಹರ್ಟ್ಸಿನ ಅಲೆಯು ಹನ್ನೆರಡೂವರೆ ಸೆಂಟಿಮೀಟರು ಉದ್ದವಾಗಿರುವದು. ೫ ಗಿಗಾಹರ್ಟ್ಸಿನದು ಆರು ಸೆಂಟಿಮೀಟರು, ೬೦ ಗಿಗಾಹರ್ಟ್ಸಿನದು ಅರ್ಧ ಸೆಂಟಿಮೀಟರು. ಮನೆಯೊಳಗೆ ದೂರದರ್ಶನದ ಚಿತ್ರವನ್ನು ಕಳುಹಿಸುವ ಉಪಕರಣಗಳು ಹೆಚ್ಚಾಗಿ ಈ ಮೂರರಲ್ಲಿ ಒಂದನ್ನು ಉಪಯೋಗಿಸುತ್ತವೆ. ಸಾಧಾರಣವಾಗಿ ಉದ್ದನೆಯ ಅಲೆಯು ಗೋಡೆಯನ್ನು ಸುಲಭವಾಗಿ ದಾಟುವದು. ಗಿಡ್ಡ ಅಲೆಗೆ ಗೋಡೆಯು ಹೆಚ್ಚು ಅಡ್ಡಿ. ಆದರೆ ಗಿಡ್ಡ ಅಲೆಗಳ ದಾರಿ ಅಗಲವಾದದ್ದು. ಆದಕಾರಣ ಒಂದೇ ಹೊತ್ತಿನಲ್ಲಿ ಹೆಚ್ಚು ಹೊರೆಯನ್ನು ಸಾಗಿಸಬಲ್ಲವು.

ಅಲೆಗೆ ಅಡ್ಡಿಯಾಗುವ ವಸ್ತುಗಳೂ ಒಂದೇ ತರದವುಗಳಲ್ಲ. ಮರದ ಬಾಗಿಲು, ಗಾಜು ಇವು ಬಹಳವಾಗಿ ತಡೆಯುವದಿಲ್ಲ. ಇಟ್ಟಿಗೆಯೂ ಕಲ್ಲೂ ಸ್ವಲ್ಪ ಭಾಗವನ್ನು ನುಂಗಿಬಿಡುತ್ತವೆ. ನೀರು ಹೆಚ್ಚಾಗಿ ನುಂಗುವದು. ಆದುದರಿಂದ ಮಳೆಗಾಲದಲ್ಲಿ ನೆನೆದ ಮುರಕಲ್ಲಿನ ಗೋಡೆಯು ಬೇಸಗೆಯ ಗೋಡೆಗಿಂತ ಗಟ್ಟಿಯಾದ ಅಡ್ಡಿಯಾಗುವದು. ಕಬ್ಬಿಣವೋ ಅಲೆಯನ್ನು ಕನ್ನಡಿಯಂತೆ ಹಿಂದಕ್ಕೆ ತಿರುಗಿಸುವದು. ಇದಲ್ಲದೆ, ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿಯೂ ದೂರವು ಎರಡರಷ್ಟಾದರೆ ಅಲೆಯ ಬಲವು ನಾಲ್ಕನೆಯ ಒಂದು ಪಾಲಿಗೆ ಇಳಿಯುವದು.

೨. ಚಿತ್ರದ ಭಾರ

ಹಾಡನ್ನು ಕಳುಹಿಸುವದಕ್ಕಿಂತ ಚಿತ್ರವನ್ನು ಕಳುಹಿಸುವದು ಯಾಕೆ ಕಷ್ಟವೆಂದು ಹುಡುಗಿಯರು ಕೇಳಿದರು. ನಾವು ಕರಿಹಲಗೆಯ ಮೇಲೆ ಲೆಕ್ಕವನ್ನು ಮಾಡಿಸಿದೆವು. ಈಗಿನ ಸ್ಪಷ್ಟ ಚಿತ್ರದ ಒಂದು ಪಟದಲ್ಲಿ ಅಡ್ಡಕ್ಕೆ ೧೯೨೦ ಚುಕ್ಕೆಗಳೂ ಉದ್ದಕ್ಕೆ ೧೦೮೦ ಚುಕ್ಕೆಗಳೂ ಇರುತ್ತವೆ; ಗುಣಿಸಿದರೆ ೨೦,೭೩,೬೦೦ ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣವನ್ನು ತಿಳಿಸಲಿಕ್ಕೆ, ಹೌದು-ಅಲ್ಲ ಎಂಬ ಎರಡೇ ಬಗೆಯ ಗುರುತುಗಳಲ್ಲಿ ೨೪ ಗುರುತುಗಳು ಬೇಕು. ಸೆಕೆಂಡಿಗೆ ೫೦ ಪಟಗಳಂತೆ ಲೆಕ್ಕಿಸಿದರೆ ಒಂದು ಸೆಕೆಂಡಿಗೆ ೨೪೮ ಕೋಟಿ ೮೩ ಲಕ್ಷ ೨೦ ಸಾವಿರ ಗುರುತುಗಳಾದವು! ಸೆಟ್ ಟಾಪ್ ಪೆಟ್ಟಿಗೆಯಿಂದ ದೂರದರ್ಶನಕ್ಕೆ ಹೋಗುವ ಎಚ್‌ಡಿಎಂಐ ಎಂಬ ಗಿಡ್ಡ ತಂತಿಯು ಇಷ್ಟು ದೊಡ್ಡ ಹೊರೆಯನ್ನು ಸದ್ದಿಲ್ಲದೆ ಹೊರುತ್ತಿರುವದು.

ಗೋಡೆಯನ್ನು ದಾಟಬೇಕಾದ ಅಲೆಗೆ ಈ ಹೊರೆ ಅತಿ ಭಾರ. ಆದಕಾರಣ ಅದನ್ನು ಕುಗ್ಗಿಸಿ ಕಳುಹಿಸುತ್ತಾರೆ. ಹೇಗಂದರೆ, ತರಗತಿಯಲ್ಲಿ ಹಾಜರಿ ತಿಳಿಸುವಾಗ ಬಂದ ನಾಲ್ವತ್ತು ಮಂದಿಯ ಹೆಸರನ್ನೂ ಬರೆದು ಕಳುಹಿಸದೆ, ನಿನ್ನೆಗೂ ಇಂದಿಗೂ ಏನು ವ್ಯತ್ಯಾಸವೆಂದು ಮಾತ್ರ ಒಂದು ಚೀಟಿಯಲ್ಲಿ ಬರೆದರೆ ಸಾಕಲ್ಲವೇ? ಅದರಂತೆಯೇ ಒಂದು ಪಟಕ್ಕೂ ಮುಂದಿನ ಪಟಕ್ಕೂ ಇರುವ ಭೇದವನ್ನು ಮಾತ್ರ ಕಳುಹಿಸುತ್ತಾರೆ. ೨೦೦೩ರಲ್ಲಿ ನಿಶ್ಚಯವಾದ ಎಚ್.೨೬೪ ಎಂಬ ಕ್ರಮದ ಪ್ರಕಾರ ಕುಗ್ಗಿಸಿದರೆ ಸೆಕೆಂಡಿಗೆ ಸುಮಾರು ಒಂದು ಕೋಟಿ ಗುರುತುಗಳಲ್ಲಿ ಒಳ್ಳೆಯ ಚಿತ್ರವೇ ಬರುವದು. ಹೊರೆಯು ಇನ್ನೂರೈವತ್ತರಲ್ಲಿ ಒಂದು ಪಾಲಾಯಿತು.

ಆದರೆ ಇದಕ್ಕೆ ಎರಡು ಬೆಲೆಗಳನ್ನು ತೆರಬೇಕಾಗುವದು. ಒಂದನೆಯದು, ಕುಗ್ಗಿಸುವದಕ್ಕೂ ಬಿಚ್ಚುವದಕ್ಕೂ ಸಮಯ ಹಿಡಿಯುವದರಿಂದ ಚಿತ್ರವು ತುಸು ತಡವಾಗಿ ಮುಟ್ಟುವದು. ಎರಡನೆಯದು, ದಾರಿಯಲ್ಲಿ ಒಂದು ಚೀಟಿ ಕಳೆದುಹೋದರೆ ಅದರ ಮೇಲೆ ಆಧಾರಗೊಂಡ ಮುಂದಿನ ಚೀಟಿಗಳಿಗೂ ಅರ್ಥವಿಲ್ಲವಾಗಿ, ಚಿತ್ರವು ಚೌಕಚೌಕವಾಗಿ ಒಡೆಯುವದು ಅಥವಾ ನಿಂತಲ್ಲೇ ನಿಂತುಬಿಡುವದು.

೩. ಉಪಕರಣಗಳ ಬಗೆಗಳು

ಇಂಥ ಉಪಕರಣಗಳಲ್ಲಿ ಯಾವಾಗಲೂ ಎರಡು ಭಾಗಗಳುಂಟು. ಚಿತ್ರವನ್ನು ಕಳುಹಿಸುವದು ಪ್ರೇಷಕ, ಹಿಡಿದುಕೊಳ್ಳುವದು ಗ್ರಾಹಕ. ಹಳೆಯ ಬಗೆಯವುಗಳಿಗೆ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಪಿನ್ನುಗಳಿದ್ದವು. ಹಳದಿಯು ಚಿತ್ರಕ್ಕೆ, ಬಿಳಿ-ಕೆಂಪುಗಳು ಎಡಬಲದ ಧ್ವನಿಗೆ. ಅವು ೨.೪ ಗಿಗಾಹರ್ಟ್ಸಿನ ಅಲೆಯಲ್ಲಿ ಚಿತ್ರವನ್ನು ಕುಗ್ಗಿಸದೆ ಹಾಗೆಯೇ ಕಳುಹಿಸುತ್ತಿದ್ದವು. ತಡವಿಲ್ಲ; ಆದರೆ ಚಿತ್ರವು ಅಷ್ಟು ಸ್ಪಷ್ಟವಲ್ಲ, ಗೆರೆಗಳು ಹಾಯುವವು. ಇದಲ್ಲದೆ ಅವುಗಳಿಗೆ ಬೀಗವಿಲ್ಲದ ಕಾರಣ ಅದೇ ಬಗೆಯ ಗ್ರಾಹಕವಿದ್ದ ನೆರೆಮನೆಯವರೂ ನೋಡಬಹುದಾಗಿತ್ತು.

ಎರಡನೆಯ ಬಗೆಯವು ಎಚ್‌ಡಿಎಂಐ ಪ್ರೇಷಕಗಳು. ಇವುಗಳಲ್ಲಿ ಕೆಲವು ೨.೪ ಅಥವಾ ೫ ಗಿಗಾಹರ್ಟ್ಸಿನಲ್ಲಿ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತವೆ. ತಡವಿಲ್ಲದೆ ಕಳುಹಿಸಬೇಕೆಂಬ ಉದ್ದೇಶದಿಂದ ೨೦೦೯ರಲ್ಲಿ ಡಬ್ಲ್ಯುಎಚ್‌ಡಿಐ ಎಂಬ ಕ್ರಮವನ್ನು ೫ ಗಿಗಾಹರ್ಟ್ಸಿನಲ್ಲಿ ಏರ್ಪಡಿಸಿದರು. ಅದಕ್ಕೆ ಮುಂಚೆ ೨೦೦೮ರಲ್ಲಿ ೬೦ ಗಿಗಾಹರ್ಟ್ಸಿನ ವೈರ್‌ಲೆಸ್ ಎಚ್‌ಡಿ ಎಂಬದು ಬಂತು. ಅದು ದೊಡ್ಡ ಹೊರೆಯನ್ನು ಹೊರಬಲ್ಲದು; ಆದರೆ ಅದರ ಅಲೆಯು ಒಂದೇ ಕೋಣೆಯೊಳಗೆ ಓಡಾಡಲು ತಕ್ಕದ್ದು, ನಮ್ಮಂಥ ಗೋಡೆಯ ಮುಂದೆ ನಿಷ್ಪ್ರಯೋಜಕ.

ಮೂರನೆಯ ಬಗೆಯು ಮನೆಯ ವೈಫೈಯ ಮೂಲಕವೇ ಕಳುಹಿಸುವದು. ಇಲ್ಲಿ ಒಂದು ಸಂಗತಿಯನ್ನು ಜ್ಞಾಪಕದಲ್ಲಿಡತಕ್ಕದ್ದು. ಪ್ರೇಷಕದಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಗ್ರಾಹಕಕ್ಕೆ ಇನ್ನೊಮ್ಮೆ, ಹೀಗೆ ಅದೇ ಹೊರೆಯು ಅದೇ ಗಾಳಿಯಲ್ಲಿ ಎರಡು ಸಲ ಸಾಗುವದರಿಂದ ದಾರಿಯು ಅರ್ಧಕ್ಕೆ ಕಿರಿದಾಗುವದು. ಎರಡರಲ್ಲಿ ಒಂದು ಭಾಗವನ್ನಾದರೂ ರೌಟರಿಗೆ ತಂತಿಯಿಂದ ಜೋಡಿಸಿದರೆ ಈ ನಷ್ಟವು ತಪ್ಪುವದು.

ಕೊಂಡುಕೊಳ್ಳುವ ಮೊದಲು ವಿಚಾರಿಸಬೇಕಾದ ಇನ್ನೊಂದು ವಿಷಯವುಂಟು. ಚಿತ್ರವನ್ನು ಯಾರೂ ನಕಲು ಮಾಡದಂತೆ ಸೆಟ್ ಟಾಪ್ ಪೆಟ್ಟಿಗೆಯು ಎಚ್‌ಡಿಸಿಪಿ ಎಂಬ ಬೀಗವನ್ನು ಹಾಕಿ ಕಳುಹಿಸುವದು. ಆ ಬೀಗವನ್ನು ಅರಿಯದ ಉಪಕರಣವನ್ನು ತಂದರೆ ಬರೇ ಕಪ್ಪು ಪರದೆಯೇ ಕಾಣುವದು. ಸರಕಾರದವರು ೨.೪ ಗಿಗಾಹರ್ಟ್ಸಿನ ಪಟ್ಟಿಯನ್ನು ೨೦೦೫ರಲ್ಲಿಯೂ, ೫ ಗಿಗಾಹರ್ಟ್ಸಿನ ಅಗಲವಾದ ಪಟ್ಟಿಗಳನ್ನು ೨೦೧೮ರಲ್ಲಿಯೂ ಸಣ್ಣ ಬಲದ ಉಪಯೋಗಕ್ಕಾಗಿ ಲೈಸನ್ಸಿಲ್ಲದೆ ಬಿಟ್ಟುಕೊಟ್ಟಿದ್ದಾರೆ. ಆದಾಗ್ಯೂ ಬಲವನ್ನು ಏರಿಸುವ ಯಂತ್ರಗಳನ್ನು ಸಿಕ್ಕಿಸಿ ಊರಿಗೆಲ್ಲಾ ಬಿತ್ತರಿಸುವದು ಯಾರಿಗೂ ಕೂಡದು.

೪. ನಮ್ಮ ಪ್ರಯತ್ನವೂ ನಮ್ಮ ತಪ್ಪೂ

ದಸರೆಯ ರಜೆ ಮುಗಿದ ಮೇಲೆ ನಾವು ಎರಡನೆಯ ಬಗೆಯ ಒಂದು ಜೋಡಿಯನ್ನು ತರಿಸಿದೆವು. ಅದು ೨.೪ರಲ್ಲಿಯೂ ೫ರಲ್ಲಿಯೂ ಕೆಲಸ ಮಾಡತಕ್ಕದ್ದು. ಐವತ್ತು ಮೀಟರು ಮುಟ್ಟುವದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನಮಗೆ ಬೇಕಾದದ್ದು ಹದಿನೈದೇ ಮೀಟರು. ಪೆಟ್ಟಿಗೆಯ ಮೇಲಿನ ಲೆಕ್ಕವು ಅಡ್ಡಿಯಿಲ್ಲದ ಬಯಲಿನ ಲೆಕ್ಕವೆಂಬದನ್ನು ನಾವು ಆಗ ಯೋಚಿಸಲಿಲ್ಲ. ಪ್ರೇಷಕವನ್ನು ಕಣ್ಣಿಗೆ ಬೀಳದ ಹಾಗೆ ದೂರದರ್ಶನದ ಹಿಂದೆ ಅಡಗಿಸಿ, ಗೋಡೆಯನ್ನು ದಾಟುವ ಶಕ್ತಿ ಹೆಚ್ಚೆಂದು ೨.೪ರಲ್ಲಿ ಇಟ್ಟೆವು. ಪ್ರೇಷಕದಲ್ಲಿ ಹಸುರು ದೀಪ ಹತ್ತಿತು. ರೋಗಿಗಳ ಕೋಣೆಯಲ್ಲಿ ಆಗ ಕೆಮ್ಮಿನಿಂದ ಮಲಗಿದ್ದ ಇಬ್ಬರನ್ನು ಬಾಗಿಲಲ್ಲಿ ನಿಂತು, "ಚಿತ್ರ ಬರುತ್ತದೋ?" ಎಂದು ಕೇಳಿದೆವು. "ಬರುತ್ತದೆ ಟೀಚರ್, ಚೆನ್ನಾಗಿದೆ," ಎಂದರು. ನಾವು ಸಂತೋಷದಿಂದ ಹಿಂದಿರುಗಿದೆವು.

ಒಂದು ವಾರ ಕಳೆದ ಮೇಲೆ ಮೇಟ್ರನ್ ಅಮ್ಮನವರು ನಮ್ಮನ್ನು ಕರೆದು, "ಆ ಹುಡುಗಿಯರು ನಿಮ್ಮ ಮನಸ್ಸಿಗೆ ಬೇಸರವಾಗಬಾರದೆಂದು ಹಾಗೆ ಹೇಳಿದ್ದಾರೆ. ನೀವು ಒಂದು ದಿನ ಅಲ್ಲಿಯೇ ಮಂಚದ ಮೇಲೆ ಕುಳಿತು ನೋಡಿರಿ," ಎಂದರು. ಅದರಂತೆ ಕುಳಿತು ನೋಡಿದೆವು. ಬೆಳಿಗ್ಗೆ ಚಿತ್ರವು ಬಂತು. ಹತ್ತು ಗಂಟೆಗೆ ರೋಗಿಗಳ ಗಂಜಿಯನ್ನು ಬಿಸಿಮಾಡಲು ಪಕ್ಕದ ಸಣ್ಣ ಕೋಣೆಯಲ್ಲಿ ಮೈಕ್ರೊವೇವ್ ಒಲೆಯನ್ನು ಹಚ್ಚಿದಾಕ್ಷಣವೇ ನಿಂತಿತು. ಸಾಯಂಕಾಲ ಹಾಲಿನಲ್ಲಿ ಹುಡುಗಿಯರು ತುಂಬಿದ ಮೇಲೆ ಚೌಕಚೌಕವಾಗಿ ಒಡೆಯಿತು. ಯಾವುದೋ ಆಟದ ಗೆಲುವಿಗೆ ಅವರೆಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ಪೂರ್ತಿಯಾಗಿ ನಿಂತುಹೋಯಿತು. ಅಂದರೆ ಯಾವ ಕ್ಷಣವನ್ನು ಮುಟ್ಟಿಸಲಿಕ್ಕೆ ನಾವು ಇಷ್ಟೆಲ್ಲಾ ಮಾಡಿದೆವೋ, ಸರಿಯಾಗಿ ಆ ಕ್ಷಣವೇ ಮುಟ್ಟುತ್ತಿರಲಿಲ್ಲ. ಹಾಲಿನಲ್ಲಿ ಹಸುರು ದೀಪವು ಮಾತ್ರ ಆಗಲೂ ಉರಿಯುತ್ತಿತ್ತು! ಆ ದೀಪವು ನಾನು ಕಳುಹಿಸುತ್ತಿದ್ದೇನೆ ಎಂಬದನ್ನು ಹೇಳುವದೇ ಹೊರತು ಆಚೆಯವರಿಗೆ ಮುಟ್ಟಿತು ಎಂಬದನ್ನು ಹೇಳುವದಿಲ್ಲ.

ಕಾರಣಗಳನ್ನು ಹುಡುಗಿಯರೇ ಒಂದೊಂದಾಗಿ ಕಂಡುಹಿಡಿದರು. ಮೈಕ್ರೊವೇವ್ ಒಲೆಯು ಸುಮಾರು ೨.೪೫ ಗಿಗಾಹರ್ಟ್ಸಿನ ಅಲೆಯಿಂದಲೇ ಅನ್ನವನ್ನು ಬಿಸಿಮಾಡುವದು. ಅದರ ಬಾಗಿಲಿನ ಸಂದಿನಿಂದ ಜಿನುಗುವ ಅಲ್ಪ ಭಾಗವು ಮನುಷ್ಯರಿಗೆ ಹಾನಿ ಮಾಡುವಷ್ಟಿಲ್ಲದಿದ್ದರೂ, ಗ್ರಾಹಕದ ಸೂಕ್ಷ್ಮವಾದ ಕಿವಿಗೆ ಅದು ದೊಡ್ಡ ಬೊಬ್ಬೆ. ನೂರಾರು ವಾಟಿನ ಒಲೆಯ ಪಕ್ಕದಲ್ಲಿ, ಒಂದು ವಾಟಿನ ಹತ್ತನೆಯ ಪಾಲಿನಷ್ಟು ಬಲದಿಂದ ಹೊರಟು ಗೋಡೆಗಳನ್ನು ದಾಟಿ ಬಂದ ಅಲೆಯ ಪಿಸುಮಾತು ಹೇಗೆ ಕೇಳಿಸೀತು? ಎರಡನೆಯದಾಗಿ, ಮನುಷ್ಯ ಶರೀರದ ಹೆಚ್ಚು ಪಾಲು ನೀರೇ ಆಗಿರುವದರಿಂದ, ಹಾಲಿನಲ್ಲಿ ಎದ್ದು ನಿಂತ ಎಂಬತ್ತು ಮಂದಿಯು ಅಲೆಗೆ ಇನ್ನೊಂದು ಗೋಡೆಯಾದರು. ಮೂರನೆಯದಾಗಿ, ದೂರದರ್ಶನದ ಹಿಂಬದಿಯ ಲೋಹದ ತಗಡೂ, ಗೋಡೆಗೆ ತಾಗಿಸಿ ನಿಲ್ಲಿಸಿದ್ದ ಕಬ್ಬಿಣದ ಕಪಾಟೂ ಅಲೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದವು.

೫. ತಿದ್ದಿದ ಬಗೆ

ಅಲೆಯು ಗೋಡೆಯನ್ನು ತೂರಿಕೊಂಡೇ ಹೋಗಬೇಕೆಂಬ ನಿಯಮವೇನೂ ಇಲ್ಲ. ನಾವು ಬಾಗಿಲಿನಿಂದ ಹೋಗುವಂತೆ ಅದೂ ಹೋಗಬಹುದು. ಹಾಲಿನ ಬಾಗಿಲಿನ ಮೇಲೆ ಮರದ ಸಲಾಕೆಗಳ ಒಂದು ಗವಾಕ್ಷಿಯಿದೆ; ಅದರ ಎದುರಿಗೆ, ಜಗಲಿಯ ಆಚೆಗೆ, ರೋಗಿಗಳ ಕೋಣೆಯ ಕಿಟಕಿಯಿದೆ. ಪ್ರೇಷಕವನ್ನು ದೂರದರ್ಶನದ ಹಿಂದಿನಿಂದ ತೆಗೆದು, ಎದ್ದು ನಿಂತವರ ತಲೆಗಳಿಗಿಂತ ಮೇಲೆ, ಗವಾಕ್ಷಿಗೆ ಎದುರಾಗಿ ಒಂದು ಮರದ ಹಲಗೆಯ ಮೇಲೆ ಇಟ್ಟೆವು. ಗ್ರಾಹಕವನ್ನು ಆ ಕಿಟಕಿಯ ಬಳಿಗೆ ತಂದೆವು. ಕಪಾಟನ್ನು ಬೇರೆ ಮೂಲೆಗೆ ಸರಿಸಿದೆವು. ದಾರಿಯು ತೆರೆದ ಮೇಲೆ ಗೋಡೆಯ ಭಯವಿಲ್ಲವಾದ ಕಾರಣ ೫ ಗಿಗಾಹರ್ಟ್ಸಿಗೆ ಬದಲಾಯಿಸಿದೆವು; ಅಲ್ಲಿ ಒಲೆಯ ಬೊಬ್ಬೆ ಇಲ್ಲ. ಗೋಡೆಯ ಮೂಲಕ ಹೋಗುವಾಗ ಬಲಹೀನವೆಂದು ನಾವು ಬಿಟ್ಟಿದ್ದ ಅಲೆಯೇ ಗವಾಕ್ಷಿಯ ದಾರಿಯಲ್ಲಿ ಉತ್ತಮವಾದದ್ದಾಯಿತು.

ಇನ್ನು ರಿಮೋಟಿನ ವಿಷಯ. ರಿಮೋಟು ಮಾತಾಡುವದು ಕಣ್ಣಿಗೆ ಕಾಣದ ಒಂದು ಬಗೆಯ ಕೆಂಬೆಳಕಿನಿಂದ. ಅದು ಬೆಳಕಾದುದರಿಂದ ಗೋಡೆಯನ್ನು ದಾಟದು. ಇದಕ್ಕೋಸ್ಕರ ಅನೇಕ ಉಪಕರಣಗಳಲ್ಲಿ ಗ್ರಾಹಕಕ್ಕೆ ಒಂದು ಕಣ್ಣನ್ನಿಟ್ಟು, ಅದು ಕಂಡದ್ದನ್ನು ರೇಡಿಯೋ ಅಲೆಯಲ್ಲಿ ಹಿಂದಕ್ಕೆ ಕಳುಹಿಸಿ, ಸೆಟ್ ಟಾಪ್ ಪೆಟ್ಟಿಗೆಯ ಮುಂದೆ ಅಂಟಿಸಿದ ಸಣ್ಣ ದೀಪದಿಂದ ಪುನಃ ಬೆಳಕಾಗಿ ಆಡಿಸುತ್ತಾರೆ. ಹಳೆಯ ಉಪಕರಣಗಳಲ್ಲಿ ಈ ಹಿಂದಿರುಗುವ ಅಲೆಯು ಹೆಚ್ಚಾಗಿ ೪೩೩ ಮೆಗಾಹರ್ಟ್ಸಿನದು. ಅದರ ಉದ್ದ ಸುಮಾರು ಎಪ್ಪತ್ತು ಸೆಂಟಿಮೀಟರಾದ ಕಾರಣ ಗೋಡೆಗಳಿಗೆ ಬೆದರುವದಿಲ್ಲ. ಆದರೆ ಸೆಟ್ ಟಾಪ್ ಪೆಟ್ಟಿಗೆಯು ಒಂದೇ ಆದುದರಿಂದ ಎರಡು ಕೋಣೆಗಳಲ್ಲಿಯೂ ಒಂದೇ ಚಿತ್ರ ಬರುವದು. ಒಂದು ಸಾಯಂಕಾಲ ರೋಗಿಗಳ ಕೋಣೆಯವಳೊಬ್ಬಳು ಗುಂಡಿಯನ್ನು ಒತ್ತಲು, ಹಾಲಿನಲ್ಲಿ ಎಂಬತ್ತು ಮಂದಿ ನೋಡುತ್ತಿದ್ದ ಆಟವು ಮಾಯವಾಗಿ ಅಡಿಗೆಯ ಪಾಠವು ಬಂತು! ಅಂದಿನಿಂದ ರಿಮೋಟನ್ನು ಮೇಟ್ರನ್ ಅಮ್ಮನವರ ವಶದಲ್ಲಿಟ್ಟಿದ್ದೇವೆ.

೬. ನಮ್ಮ ವಾಚಕರಿಗೆ

ಮನೆಯಲ್ಲಿ ಇಂಥ ಏರ್ಪಾಟು ಮಾಡಬಯಸುವವರು ಮೊದಲು ತಮ್ಮ ಗೋಡೆಯನ್ನು ನೋಡಲಿ. ಉಪಕರಣವನ್ನು ಆಮೇಲೆ ನೋಡಲಿ. ಬಾಗಿಲು, ಕಿಟಕಿ, ಗವಾಕ್ಷಿಗಳ ದಾರಿಯನ್ನು ಹುಡುಕಲಿ. ಪ್ರೇಷಕವನ್ನು ಅಂದಕ್ಕಾಗಿ ಅಡಗಿಸದೆ ಎತ್ತರದಲ್ಲಿಡಲಿ. ಕಪಾಟು, ಒಲೆ, ನೀರಿನ ತೊಟ್ಟಿ ಇವುಗಳಿಂದ ದೂರವಿಡಲಿ. ಮನೆಯು ಬರಿದಾಗಿರುವಾಗ ಮಾತ್ರವಲ್ಲ, ಎಲ್ಲರೂ ಕೂಡಿರುವಾಗಲೂ ಪರೀಕ್ಷಿಸಲಿ. ತಂತಿಯನ್ನು ಸುಲಭವಾಗಿ ಎಳೆಯಲು ಸಾಧ್ಯವಿರುವ ಮನೆಯಲ್ಲಿ ತಂತಿಯನ್ನೇ ಎಳೆಯಲಿ. ತಂತಿಯಷ್ಟು ನಂಬಿಗಸ್ತ ಸೇವಕನು ಇನ್ನೊಬ್ಬನಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಳುಹಿಸುವ ಕಡೆಯ ದೀಪವನ್ನು ನಂಬದೆ, ಯಾರಿಗೋಸ್ಕರ ಕಳುಹಿಸುತ್ತೇವೋ ಅವರ ಮಂಚದ ಬಳಿ ಹೋಗಿ ಕುಳಿತು ನೋಡಲಿ. ಅಜ್ಜಿಯು "ಎಲ್ಲಾ ಚೆನ್ನಾಗಿದೆ ಮಗಾ" ಎಂದರೂ ಕುಳಿತು ನೋಡಲಿ.

೨೦೨೪ನೆಯ ಜನವರಿ ೨೬ರಂದು ನಾವು ಧ್ವಜವನ್ನು ಏರಿಸಿದ ತರುವಾಯ ಹಾಲಿನಲ್ಲಿ ದೆಹಲಿಯ ಮೆರವಣಿಗೆಯನ್ನು ನೋಡಿದೆವು. ಆ ವರುಷ ನೂರು ಮಂದಿ ಸ್ತ್ರೀ ಕಲಾವಿದರು ಶಂಖ, ನಾದಸ್ವರ, ನಗಾರಿಗಳನ್ನು ನುಡಿಸಿ ಮೆರವಣಿಗೆಯನ್ನು ಪ್ರಾರಂಭಿಸಿದರು. ನಮ್ಮ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೋಗಿಗಳ ಕೋಣೆಯಲ್ಲಿ ಆ ದಿನ ಸೀತಾಳೆ ಸಿಡುಬಿನಿಂದ ಒಬ್ಬಳೇ ಇದ್ದಳು. ಆಗಸ್ಟಿನಲ್ಲಿ ನಮ್ಮನ್ನು ಪ್ರಶ್ನೆ ಕೇಳಿದವಳೇ ಅವಳು. ಹಾಲಿನ ಧ್ವನಿಯು ಹದಿನೈದು ಮೀಟರು ದಾಟಲಿಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲೂ ಹಿಡಿಯದು. ಕುಗ್ಗಿ ಬಿಚ್ಚಿ ಬರುವ ಚಿತ್ರಕ್ಕೆ ಅರ್ಧ ಸೆಕೆಂಡು ಬೇಕು. ನಾವು ಕಿಟಕಿಯ ಬಳಿಗೆ ಹೋಗಿ, ಹೇಗಿದೆಯೆಂದು ಸತ್ಯವಾಗಿ ಹೇಳಬೇಕೆಂದು ಕೇಳಿದೆವು. ಅವಳು ನಕ್ಕು, "ಟೀಚರ್, ಈಗಲೂ ಚಪ್ಪಾಳೆಯೇ ಮೊದಲು ಬರುತ್ತದೆ. ಆದರೆ ಯಾವುದಕ್ಕೆಂದು ಕೂಡಲೇ ಗೊತ್ತಾಗುತ್ತದೆ," ಎಂದಳು.